ಉದ್ದ ಕೂದಲು ಹೊರದೇಶಕ್ಕೆ, ಗಿಡ್ಡ ಕೂದಲು ಬಂಪರಿಗೆ

ಬಳ್ಳಾರಿ ರಸ್ತೆಯಲ್ಲಿ ಹುಣಸಮಾರನಹಳ್ಳಿ ದಾಟುವ ಲಾರಿ, ಟೆಂಪೊ, ಟ್ಯಾಕ್ಸಿಗಳ ಬಂಪರುಗಳನ್ನು ಗಮನಿಸಿದರೆ ಅಲ್ಲೊಂದು ಇಲ್ಲೊಂದು ಕರಿ ಹುರಿ ಕಣ್ಣಿಗೆ ಬೀಳುತ್ತದೆ. ಮನುಷ್ಯರ ಕೂದಲನ್ನು ಹೊಸೆದು ಮಾಡಿದ ಹುರಿ ಅದು. ಗಾಡಿಗೆ ದೃಷ್ಟಿ ತಾಗದಿರಲಿ ಎಂದು ಕಟ್ಟಿದ್ದು. ನಿಂಬೆಹಣ್ಣು, ಮೆಣಸಿನಕಾಯಿ ಒಣಗಿದಾಗ ಬದಲಾಗುತ್ತವೆ. ಹುರಿ ಮಾತ್ರ ಧೂಳು ಕುಡಿದು, ಮಳೆಗೆ ನೆನೆದು, ಬಣ್ಣಗೆಟ್ಟು ಅಲ್ಲೇ ಉಳಿಯುತ್ತದೆ. ಇದೇ ರಸ್ತೆಯಲ್ಲಿ, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಂದಿನಿಂದ, ಹೊರದೇಶಕ್ಕೆ ಓದಲು ಹೊರಟ ಕಲೆ ಮತ್ತು ವಿನ್ಯಾಸದ ವಿದ್ಯಾರ್ಥಿಗಳೂ ಸಾಗಿಹೋಗುತ್ತಾರೆ. ಯಲಹಂಕದಲ್ಲಿ ‘ಸೃಷ್ಟಿ’ ಕಲೆ-ವಿನ್ಯಾಸ ಶಾಲೆ ಇದೆ, ಯಶವಂತಪುರದ ಆಚೆ ತುಮಕೂರು ರಸ್ತೆಯ ಬಳಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕ್ಯಾಂಪಸ್ ಇದೆ. ಬೆಂಗಳೂರಿನ ಉತ್ತರ ಭಾಗಕ್ಕೆ ಈ ಬಗೆಯ ವಿದ್ಯಾರ್ಥಿಗಳು ಹೊಸಬರಲ್ಲ. ಅವರಲ್ಲಿ ಲಂಡನ್ನಿಗೆ ಹೋದವರಿಗೆ ಆ ಕೂದಲ ಹುರಿ ಅಲ್ಲೂ ಎದುರಾದರೆ ಅಚ್ಚರಿಯಿಲ್ಲ. ನಾಲ್ಕು ಸಾವಿರ ಮೀಟರಿನಷ್ಟು ಹುರಿ ಅಲ್ಲಿನ ಟೇಟ್ ಕಲಾಸಂಗ್ರಹಾಲಯದ ಸಂಗ್ರಹದಲ್ಲಿದೆ. ಅದು ಕಲಾವಿದೆ ಶೀಲಾ ಗೌಡರ 2009ರ ಕೃತಿ, ‘ಬಿಹೋಲ್ಡ್’.

ಹೊರದೇಶದಲ್ಲಿ ಕಲೆ ಓದಿ ಬಂದವರನ್ನು ನಾವು ಸಾಮಾನ್ಯವಾಗಿ ಎರಡು ಪ್ರಶ್ನೆಗಳಲ್ಲಿ ಅಳೆಯುತ್ತೇವೆ. ಅಲ್ಲಿಂದ ಏನು ಕಲಿತು ಬಂದರು? ಇಲ್ಲಿಂದ ಏನು ಒಯ್ದು ತೋರಿಸಿದರು? ಮೊದಲನೆಯದು ಪದವಿಗೆ ಸುರಿದ ದುಡ್ಡಿನ ಲೆಕ್ಕ, ಎರಡನೆಯದು ಅಭಿಮಾನದ ಲೆಕ್ಕ. ‘ಬಿಹೋಲ್ಡ್’ ಎರಡಕ್ಕೂ ಸರಿಯಾಗಿ ಸಿಕ್ಕುವುದಿಲ್ಲ. ಅದನ್ನು ಅಳೆಯಲು ಬೇರೆ ಪ್ರಶ್ನೆ ಬೇಕು: ವಸ್ತುವನ್ನು ದಿನವೂ ನೋಡುವವರ ಮುಂದೆಯೂ ಎಂದೂ ನೋಡದವರ ಮುಂದೆಯೂ ಕೃತಿ ಗಟ್ಟಿಯಾಗಿ ನಿಲ್ಲುತ್ತದೆಯೇ?

ಶೀಲಾ ಗೌಡ 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಆರ್. ಎಂ. ಹಡಪದ್ ಕಟ್ಟಿದ ಬೆಂಗಳೂರಿನ ಕೆನ್ ಕಲಾಶಾಲೆ, ಆಮೇಲೆ ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಅಲ್ಲಿ 1986ರಲ್ಲಿ ಎಂ.ಎ. ಪಡೆದದ್ದು ಚಿತ್ರಕಲೆಯಲ್ಲಿ. ಆದರೆ ಇಂದು ಅವರ ಹೆಸರು ಹೇಳಿದರೆ ನೆನಪಾಗುವುದು ತೈಲವರ್ಣವಲ್ಲ. 1990ರ ದಶಕದ ಆರಂಭದಲ್ಲಿ, ದೇಶ ಕೋಮುಗಲಭೆಯಲ್ಲಿ ಉರಿಯುತ್ತಿದ್ದಾಗ, ಅವರು ಸೆಗಣಿಯನ್ನು ಕೈಗೆತ್ತಿಕೊಂಡರು. ಅದರ ಬೆನ್ನಿಗೆ ದಾರ, ಸೂಜಿ, ಕುಂಕುಮ, ಡಾಂಬರಿನ ಡ್ರಮ್ಮು, ಕೂದಲು ಬಂದವು. ದುಬಾರಿ ಶಾಲೆಯೊಂದರಲ್ಲಿ ಕಲಿತ ಮಾಧ್ಯಮವನ್ನೇ ಬದಿಗಿಟ್ಟು ಬೆಳೆದ ಕಲಾವಿದೆ ಅವರು. ‘ಏನು ಕಲಿತು ಬಂದರು’ ಎನ್ನುವ ಲೆಕ್ಕ ತಪ್ಪುವುದು ಇಲ್ಲೇ.

‘ಬಿಹೋಲ್ಡ್’ ಮೊದಲು ಕಾಣಿಸಿಕೊಂಡದ್ದು 2009ರ ವೆನಿಸ್ ಬಿಯೆನಾಲೆ ಕಲಾಪ್ರದರ್ಶನದಲ್ಲಿ. ಗೋಡೆಯ ಮೇಲಿಂದ ಕೂದಲ ಹುರಿಗಳು ಇಳಿಯುತ್ತವೆ, ಕುಣಿಕೆಯಾಗುತ್ತವೆ, ಗಂಟಾಗುತ್ತವೆ, ನೆಲದ ಮೇಲೆ ರಾಶಿ ಬೀಳುತ್ತವೆ. ನಡುನಡುವೆ ಕ್ರೋಮಿನ ಹೊಳಪಿರುವ ಕಾರಿನ ಬಂಪರುಗಳು. ರಸ್ತೆಯಲ್ಲಿ ಬಂಪರು ದೊಡ್ಡದು, ಹುರಿ ಅದಕ್ಕೆ ಅಂಟಿಕೊಂಡ ಪುಡಿ ವಸ್ತು. ಇಲ್ಲಿ ಹುರಿಯೇ ಬಂಪರನ್ನು ಹೊತ್ತು ನಿಂತಿದೆ. ಉಕ್ಕಿನ ಭಾರವೆಲ್ಲ ಕೂದಲಿನ ಮೇಲೆ. ಕಲಾವಿದೆ ಮಾಡಿರುವ ಬದಲಾವಣೆ ಇಷ್ಟೇ, ಆದರೆ ಅಷ್ಟರಲ್ಲೇ ಅರ್ಥ ತಲೆಕೆಳಗಾಗುತ್ತದೆ. ಕಾಪಾಡುವುದಕ್ಕೆಂದು ಕಟ್ಟಿದ ದುರ್ಬಲ ಎಳೆಗೆ ನಿಜವಾಗಿಯೂ ಕಾಪಾಡುವ ಕೆಲಸ ಬಿದ್ದಿದೆ.

ಈ ಕೂದಲು ಎಲ್ಲಿಂದ ಬಂತು ಎಂಬುದು ಕೃತಿಯ ಹೊರಗಿನ ಮಾಹಿತಿಯಲ್ಲ, ಅದರ ತಿರುಳು. ದೇವಸ್ಥಾನಗಳಲ್ಲಿ ಭಕ್ತರು ಮುಡಿ ಕೊಟ್ಟ ಕೂದಲನ್ನು ವಿಂಗಡಿಸುತ್ತಾರೆ. ಉದ್ದ ಕೂದಲಿಗೆ ಒಳ್ಳೆಯ ಬೆಲೆ; ಅದು ವಿಗ್ ಮಾಡುವವರ ಕೈ ಸೇರಿ ಹೊರದೇಶಕ್ಕೆ ಹೋಗುತ್ತದೆ. ಬೆಲೆಯಿಲ್ಲದ ಗಿಡ್ಡ ಕೂದಲು ಇಲ್ಲೇ ಉಳಿದು ಹುರಿಯಾಗುತ್ತದೆ, ಬಂಪರಿಗೆ ಸುತ್ತಿಕೊಳ್ಳುತ್ತದೆ. ಮಾರುಕಟ್ಟೆ ರಫ್ತಿಗೆ ಲಾಯಕ್ಕಿಲ್ಲ ಎಂದು ಬಿಟ್ಟದ್ದನ್ನೇ ಶೀಲಾ ಗೌಡ ವೆನಿಸ್ಸಿಗೆ ಒಯ್ದರು. ನಮ್ಮ ನಾಡಿನಿಂದ ಹೊರಗೆ ಹೋಗುವುದೇನಿದ್ದರೂ ಅದು ಉತ್ತಮವಾದದ್ದು, ಚೊಕ್ಕವಾದದ್ದು, ತೋರಿಸಲು ಯೋಗ್ಯವಾದದ್ದು ಆಗಿರಬೇಕೆಂಬ ಹಟವನ್ನು ಈ ಕೃತಿ ಸದ್ದಿಲ್ಲದೆ ಮುರಿಯುತ್ತದೆ. ಅದರ ದೊಡ್ಡ ಬಲ ಇದೇ ಎಂದು ನನ್ನ ಅಭಿಪ್ರಾಯ.

ಹಾಗಾದರೆ ಲಂಡನ್ನಿನ ಓದಿಗೆ ಇದರಲ್ಲಿ ಪಾಲೇ ಇಲ್ಲವೇ? ಇದೆ ಎನಿಸುತ್ತದೆ. ಪಶ್ಚಿಮದ ಕಲೆ ಬಲ್ಲವರಿಗೆ ‘ಬಿಹೋಲ್ಡ್’ ಕಂಡೊಡನೆ ಶಿಲ್ಪಿ ಇವಾ ಹೆಸ್ಸೆ ನೆನಪಾಗಬಹುದು. ಹಗ್ಗ ಮತ್ತು ದಾರಗಳನ್ನು ಲ್ಯಾಟೆಕ್ಸಿನಲ್ಲಿ ಅದ್ದಿ, ಸಿಕ್ಕುಸಿಕ್ಕಾಗಿ ತೂಗುಬಿಟ್ಟ ಆಕೆಯ 1970ರ ಕೃತಿಗೂ ಇದಕ್ಕೂ ದೂರದ ನಂಟಿದೆ. ಒಂದೇ ವಸ್ತುವನ್ನು ಮತ್ತೆ ಮತ್ತೆ ಬಳಸುವುದು, ಖಾಲಿ ಜಾಗಕ್ಕೆ ಮಾತಾಡಲು ಬಿಡುವುದು, ಗುರುತ್ವವೇ ಗೆರೆ ಎಳೆಯಲಿ ಎಂದು ಸುಮ್ಮನಿರುವುದು: ಈ ವ್ಯಾಕರಣ ಕಲಾಶಾಲೆಗಳಲ್ಲೂ ಗ್ಯಾಲರಿಗಳಲ್ಲೂ ಬೆಳೆದದ್ದು. ಆದರೆ ಹೆಸ್ಸೆಯ ಹಗ್ಗಕ್ಕೆ ಬೀದಿಯಲ್ಲಿ ಇನ್ನೊಂದು ಬದುಕಿಲ್ಲ, ಶೀಲಾ ಗೌಡರ ಹುರಿಗಿದೆ. ಒಬ್ಬರಿಗೆ ಕಾಣುವ ಹೆಸ್ಸೆ, ಇನ್ನೊಬ್ಬರಿಗೆ ಕಾಣುವ ದೃಷ್ಟಿಯ ದಾರ, ಎರಡೂ ಸುಳ್ಳಲ್ಲ. ಕೃತಿ ಇಬ್ಬರನ್ನೂ ಅರ್ಧ ದಾರಿಯವರೆಗೆ ಕರೆದೊಯ್ದು ಉಳಿದರ್ಧ ತಾವೇ ನಡೆಯಲಿ ಎಂದು ಬಿಡುತ್ತದೆ.

ಶೀಲಾ ಗೌಡರಿಗಿಂತ ಮುಂಚಿನ ತಲೆಮಾರಿನ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರನ್ನು ಪಕ್ಕದಲ್ಲಿಟ್ಟು ನೋಡಬಹುದು. ಉಡುಪಿ ಬಳಿಯ ಕಟ್ಟಿಂಗೇರಿಯವರು, 1911ರಲ್ಲಿ ಹುಟ್ಟಿದವರು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿ, ಅಲ್ಲೇ ಪಾಠವನ್ನೂ ಹೇಳಿ, 1949ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್ನಿಗೆ ವಿದ್ಯಾರ್ಥಿಯಾಗಿ ಹೋದಾಗ ಅವರಿಗೆ ನಲವತ್ತು ಹತ್ತಿರ. ಪ್ಯಾರಿಸ್ ಅವರ ಬಣ್ಣಗಾರಿಕೆಗೆ ಹೊಸ ಧೈರ್ಯ ಕೊಟ್ಟಿತೆಂದೇ ಇಟ್ಟುಕೊಳ್ಳೋಣ. ಆದರೂ ಹೆಬ್ಬಾರರನ್ನು ಹೆಬ್ಬಾರರನ್ನಾಗಿ ಮಾಡಿದ್ದು ಅವರ ಗೆರೆ. ಆ ಗೆರೆಯ ಹಿಂದೆ ಗಣೇಶನ ಮೂರ್ತಿ ಮಾಡುತ್ತಿದ್ದ ತಂದೆಯ ಕೈ ಇದೆ, ಕರಾವಳಿಯ ಯಕ್ಷಗಾನ ಇದೆ, ಲಯ ಹಿಡಿಯಬೇಕೆಂದೇ ದೊಡ್ಡವರಾದ ಮೇಲೆ ಅವರು ಕಲಿತ ಕಥಕ್ ಇದೆ. ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಯಲ್ಲಿರುವ ಅವರ ಚಿತ್ರಗಳ ಮುಂದೆ ನಿಂತರೆ ಪ್ಯಾರಿಸ್ ಹುಡುಕಿ ತೆಗೆಯಬೇಕಾದ ಸಂಗತಿ, ಗೆರೆ ತಾನಾಗಿ ಎದುರಿಗೆ ಬರುವ ಸಂಗತಿ. ಹೆಬ್ಬಾರರು ಕಲಿತದ್ದನ್ನು ತಮ್ಮದರೊಳಗೆ ಕರಗಿಸಿಕೊಂಡರು, ಶೀಲಾ ಗೌಡರು ಕಲಿತ ಮಾಧ್ಯಮವನ್ನು ಬಿಟ್ಟು ಅದರ ಶಿಸ್ತನ್ನು ಉಳಿಸಿಕೊಂಡರು. ಇಬ್ಬರೂ ಹೋದ ಊರಿನಲ್ಲಿ ತಮ್ಮ ಊರಿನ ಪ್ರತಿನಿಧಿಯಾಗಿ ಕೂರಲಿಲ್ಲ.

ಈಗ ಹೊರಡುವ ಹುಡುಗ ಹುಡುಗಿಯರಿಗೆ ಆ ಪ್ರತಿನಿಧಿಯ ಕುರ್ಚಿಯನ್ನು ಮೊದಲೇ ಹಾಕಿಟ್ಟಿರುತ್ತಾರೆ. ಪ್ರವೇಶಕ್ಕೆ ಪೋರ್ಟ್‌ಫೋಲಿಯೊ ಬೇಕು, ಎಸ್‌ಒಪಿ (ಏಕೆ ಓದಬೇಕೆಂದು ಬರೆದುಕೊಡುವ ಬರಹ) ಬೇಕು; ಎರಡರಲ್ಲೂ ‘ನಿನ್ನದೇನು’ ಎಂಬ ಪ್ರಶ್ನೆ ಒಳಗಿಂದ ಇಣುಕುತ್ತದೆ. ಉತ್ತರವಾಗಿ ಇಳಕಲ್ ಸೀರೆಯ ಅಂಚು, ಚನ್ನಪಟ್ಟಣದ ಬೊಂಬೆ, ತೊಗಲುಗೊಂಬೆಯ ಕಣ್ಣು ಹಾಳೆಗೆ ಬರುತ್ತವೆ. ಅಲ್ಲಿನ ತರಗತಿಯ ಕ್ರಿಟ್‌ನಲ್ಲಿ, ಅಂದರೆ ಕೆಲಸವನ್ನು ಎಲ್ಲರ ಮುಂದಿಟ್ಟು ವಿಮರ್ಶಿಸುವ ಕೂಟದಲ್ಲಿ, ಇವಕ್ಕೆ ಮೆಚ್ಚುಗೆ ಸುಲಭವಾಗಿ ಸಿಗುತ್ತದೆ, ಏಕೆಂದರೆ ಪ್ರಶ್ನೆ ಕೇಳುವಷ್ಟು ಗೊತ್ತಿರುವವರು ಅಲ್ಲಿ ಕಡಿಮೆ. ಆಲೆಮರದ ತುಂಡು ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಎಷ್ಟು ಒತ್ತಿ ಹಿಡಿದರೆ ಬಣ್ಣ ಕರಗಿ ಕೂರುತ್ತದೆ, ಬೊಂಬೆಯೊಂದಕ್ಕೆ ಕೈಗೆ ಸಿಗುವ ಕೂಲಿ ಎಷ್ಟು ಎಂದು ಚನ್ನಪಟ್ಟಣದವರು ಕೇಳಬಲ್ಲರು. ಆ ತರಗತಿಯಲ್ಲಿ ಯಾರೂ ಕೇಳುವುದಿಲ್ಲ. ಸಾಲ ಮಾಡಿ ಕಳಿಸಿದ ಅಪ್ಪ ಅಮ್ಮನ ಮುಖ ನೆನಪಿರುವ ವಿದ್ಯಾರ್ಥಿಗೆ ಗೆಲ್ಲುವ ದಾರಿ ಬಿಟ್ಟು ಸೋಲುವ ದಾರಿ ಹಿಡಿ ಎನ್ನುವುದು ಕಷ್ಟ. ಆದರೂ ಇದು ದುರ್ಬಲ ಅಭ್ಯಾಸ ಎಂದೇ ಹೇಳಬೇಕು. ಉದ್ದ ಕೂದಲನ್ನು ಆರಿಸಿ ರಫ್ತು ಮಾಡುವ ಕೆಲಸ ಇದು.

‘ಬಿಹೋಲ್ಡ್’ ಬಗ್ಗೆಯೂ ತಕರಾರು ಇಲ್ಲದಿಲ್ಲ. ಬೀದಿಯ ಹುರಿಗೆ ಇರುವ ಧೂಳು, ಡೀಸೆಲ್ ವಾಸನೆ, ಮಳೆಯಲ್ಲಿ ನವೆದ ತುದಿ ಗ್ಯಾಲರಿಯ ಹುರಿಗಿಲ್ಲ. ಅಲ್ಲಿ ಅದು ತುಸು ಹೆಚ್ಚೇ ಚೆಂದವಾಗಿ ಬಿದ್ದುಕೊಂಡಿದೆ. ಪಕ್ಕದ ಗೋಡೆಬರಹ ತೆಗೆದರೆ ಮುಡಿ, ದೃಷ್ಟಿ, ಮಾರುಕಟ್ಟೆ ಮೂರೂ ಪರಕೀಯ ನೋಡುಗರ ಕೈತಪ್ಪುತ್ತವೆ, ಬರೀ ಕೂದಲು ಮತ್ತು ಉಕ್ಕು ಉಳಿಯುತ್ತವೆ. ಈ ದೃಷ್ಟಿಯಿಂದ ಶೀಲಾ ಗೌಡರ 2006ರ ‘ಡಾರ್ಕ್‌ರೂಮ್’ ಹೆಚ್ಚು ಪೂರ್ಣವಾದ ಕೃತಿ. ರಸ್ತೆ ಕೆಲಸದವರು ಡಾಂಬರಿನ ಡ್ರಮ್ಮುಗಳನ್ನು ಬಡಿದು ಕಟ್ಟಿಕೊಳ್ಳುವ ಬಿಡಾರದಂತೆ ಕಟ್ಟಿದ್ದು ಅದು. ಒಳಗೆ ಹೋಗಬೇಕಾದರೆ ಬೆನ್ನು ಬಗ್ಗಿಸಬೇಕು. ಒಳಗೆ ಕತ್ತಲು, ಮೇಲಿನ ತಗಡಿನಲ್ಲಿ ಕೊರೆದ ತೂತುಗಳಿಂದ ಚುಕ್ಕಿ ಚುಕ್ಕಿ ಬೆಳಕು. ಬಗ್ಗಿದ ಬೆನ್ನಿಗೆ ಯಾವ ಬರಹದ ನೆರವೂ ಬೇಡ. ಬಳ್ಳಾರಿ ರಸ್ತೆ ಅಗಲವಾದಾಗ ಕಲ್ಲು ಡಾಂಬರು ಹೊತ್ತವರೂ ಅದನ್ನು ಹೊಕ್ಕು ನೋಡಬಲ್ಲರು, ಲಂಡನ್ನಿನವರೂ ನೋಡಬಲ್ಲರು. ಇಬ್ಬರಿಗೂ ಸಿಗುವುದು ಬೇರೆ ಬೇರೆ, ಆದರೆ ಯಾರಿಗೂ ಅರೆಬರೆಯಲ್ಲ.

ಇನ್ನೂ ದೊಡ್ಡ ಕೊರತೆಯೊಂದಿದೆ, ಅದು ಕಲಾವಿದೆಯದಲ್ಲ, ನಮ್ಮ ವ್ಯವಸ್ಥೆಯದು. ಬೆಂಗಳೂರಿನ ವಾಹನಗಳಿಂದ ಹುಟ್ಟಿದ ಕೃತಿಯನ್ನು ಕೊಂಡು ಕಾಪಾಡುತ್ತಿರುವುದು ಲಂಡನ್ನು. ಹುರಿ ಕಟ್ಟುವ ಚಾಲಕ ‘ಇದರಲ್ಲೇನಿದೆ?’ ಎಂದು ಅದರ ಮುಂದೆ ನಿಂತು ಕೇಳುವ ಅವಕಾಶ ಅವನ ಊರಲ್ಲಿಲ್ಲ. ದಿನವೂ ನೋಡುವವರ ತೀರ್ಪು ಬಾರದೆ ಯಾವ ಕೃತಿಯ ವಿಮರ್ಶೆಯೂ ಮುಗಿದಂತಲ್ಲ, ನನ್ನದೂ ಸೇರಿ.

ವಿದ್ಯಾರ್ಥಿಗಳು ಟೇಟ್‌ಗೆ ಕಾಯಬೇಕಿಲ್ಲ. ಹೊರದೇಶದ ಡಿಗ್ರಿ ಶೋದಲ್ಲಿ ಅಂಕ ಪಡೆದದ್ದನ್ನು ಊರಿಗೆ ಬಂದಾಗ ಜನರ ಮುಂದೆ ಇಡಬಹುದು. ಕುಮಾರಕೃಪಾ ರಸ್ತೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಚಿತ್ರಸಂತೆಗೆ ಗ್ಯಾಲರಿಯ ಮೆಟ್ಟಿಲು ಹತ್ತದವರೂ ಬರುತ್ತಾರೆ, ಅನಿಸಿದ್ದನ್ನು ಮುಖಕ್ಕೆ ಹೇಳುತ್ತಾರೆ. ಯಲಹಂಕದ ಆಸುಪಾಸಿನ ಸಮುದಾಯ ಭವನಗಳೂ ಸಾಕು. ಕ್ರಿಟ್‌ನಲ್ಲಿ ಗೆದ್ದ ಕೆಲಸ ಇಲ್ಲಿ ಬಿದ್ದುಹೋದರೆ ಆ ಮೆಚ್ಚುಗೆ ಅಜ್ಞಾನದ್ದೆಂದು ತಿಳಿಯಲಿ. ಎರಡೂ ಕಡೆ ನಿಂತರೆ ಪದವಿಗೆ ಕಟ್ಟಿದ ಶುಲ್ಕ ದಂಡವಾಗಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು.