ಹೊಸ ಪಿಕಪ್: ಹೊರುವ ಗಾಡಿ, ಓಡಿಸುವ ಮನುಷ್ಯ

ಹೊಸ ಪಿಕಪ್ ಕೊಳ್ಳಲು ಶೋರೂಮಿಗೆ ಹೋದವರು ಮೊದಲು ಗಾಡಿಯ ಹಿಂಬದಿಗೆ ನಡೆಯುತ್ತಾರೆ. ಬಾಡಿಯ ಉದ್ದ ಎಷ್ಟಿದೆ, ಟೊಮೆಟೊ ಬಾಕ್ಸ್ ಅಡ್ಡಕ್ಕೆ ಎಷ್ಟು ಹಿಡಿಯುತ್ತವೆ, ಹಿಂದಿನ ಡೋರಿನ ಕೊಂಡಿ ಗಟ್ಟಿಯಾಗಿದೆಯೇ, ಸ್ಪ್ರಿಂಗಿನ ಪ್ಲೇಟು ಎಷ್ಟಿವೆ ಎಂದು ಬಗ್ಗಿ ನೋಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ, ದುಡಿಮೆಗೆ ಕೊಳ್ಳುವ ಗಾಡಿ. ಆದರೆ ಅದೇ ಗಾಡಿಯ ಸೀಟಿನಲ್ಲಿ ಹತ್ತು ನಿಮಿಷ ಕುಳಿತು, ಕ್ಲಚ್ ಒತ್ತಿ, ಬಾಗಿಲು ಮುಚ್ಚಿ, ಬೆನ್ನು ಎಲ್ಲಿಗೆ ತಾಗುತ್ತದೆ ಎಂದು ನೋಡುವವರು ವಿರಳ. ತಯಾರಿಸುವವರೂ ಹಾಗೆಯೇ: ಜಾಹೀರಾತಿನ ಮೊದಲ ಸಾಲಿನಲ್ಲಿ ಟನ್ನು, ಎರಡನೆಯದರಲ್ಲಿ ಮೈಲೇಜು. ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಸರಕು ವಾಹನಗಳ ಗುಣವೂ ದೋಷವೂ ಈ ನೋಟದಿಂದಲೇ ಹುಟ್ಟಿವೆ. ಹೊರುವುದರಲ್ಲಿ ಅವು ಗಟ್ಟಿಗ, ಓಡಿಸುವವನ ವಿಷಯದಲ್ಲಿ ಜಿಪುಣ.

ಗುಣವನ್ನು ಮೊದಲು ಹೇಳಬೇಕು. 2005ರಲ್ಲಿ ಟಾಟಾ ಏಸ್ ಬರುವವರೆಗೆ ಹಳ್ಳಿಯ ಸರಕಿಗೆ ಹೆಚ್ಚಾಗಿ ಇದ್ದ ದಾರಿ ಮೂರು ಚಕ್ರದ ಗಾಡಿ, ಟ್ರ್ಯಾಕ್ಟರ್ ಇಲ್ಲವೇ ಲಾರಿ. ಅರ್ಧ ಲಾರಿಯಷ್ಟೂ ಮಾಲು ಇಲ್ಲದ ರೈತ ಲಾರಿಯವನ ಮುಂದೆ ಕಾಯಬೇಕಿತ್ತು. ಎರಡು ಸಿಲಿಂಡರಿನ, 700 ಸಿಸಿಯ ಆ ಪುಟ್ಟ ಗಾಡಿ ಒಬ್ಬನ ಫಸಲನ್ನು ಒಬ್ಬನೇ ಮಾರುಕಟ್ಟೆಗೆ ಒಯ್ಯಬಹುದು ಎಂಬುದನ್ನು ತೋರಿಸಿಕೊಟ್ಟಿತು. ಆಮೇಲೆ ಅಶೋಕ್ ಲೇಲ್ಯಾಂಡಿನ ದೋಸ್ತ್, ಮಾರುತಿಯ ಸೂಪರ್ ಕ್ಯಾರಿ, ಟಾಟಾದ ಇಂಟ್ರಾ ಬಂದವು. ಇನ್ನೊಂದು ಕಡೆ ಮಹೀಂದ್ರದ ಬೊಲೆರೊ ಪಿಕಪ್ ಬೆಳೆಯುತ್ತ ಹೋಗಿ, 2023ರಲ್ಲಿ ಬಂದ ಬೊಲೆರೊ ಮ್ಯಾಕ್ಸ್ ಸಾಲಿನಲ್ಲಿ ಎರಡು ಟನ್ ಹೊರುವ, ಮೂರು ಮೀಟರಿಗಿಂತ ಉದ್ದದ ಬಾಡಿಯ ಗಾಡಿಯೂ ಸೇರಿತು. ಇವತ್ತು ಕೋಲಾರದ ಟೊಮೆಟೊ, ಬ್ಯಾಡಗಿಯ ಮೆಣಸಿನಕಾಯಿ, ಮಲೆನಾಡಿನ ಅಡಿಕೆ, ಮದುವೆ ಮನೆಯ ಶಾಮಿಯಾನ, ಬಾಡಿಗೆ ಮನೆ ಬದಲಿಸುವವರ ಬೀರು ಮಂಚ ಎಲ್ಲವೂ ಇವುಗಳ ಬೆನ್ನೇರಿಯೇ ಹೋಗುತ್ತವೆ. ಕಿರಿದಾದ ಹೊಲದ ದಾರಿಯಲ್ಲಿ ತಿರುಗಿಸಿಕೊಳ್ಳಬಲ್ಲ, ಹೆದ್ದಾರಿಯಲ್ಲೂ ಹಿಂದೆ ಬೀಳದ ಈ ಗಾಡಿಗಳಷ್ಟು ಸಣ್ಣ ರೈತನಿಗೆ ಒದಗಿದ ಯಂತ್ರ ಕಡಿಮೆ.

ಆದರೆ ಟನ್ನಿನ ಲೆಕ್ಕವನ್ನು ಬಹಳ ಮಂದಿ ಪೂರ್ತಿ ಮಾಡುವುದಿಲ್ಲ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಎಂದರೆ 15 ಕೆ.ಜಿ. 1.7 ಟನ್ ಹೊರುವ ಪಿಕಪ್‌ಗೆ 110 ಬಾಕ್ಸ್ ಹಾಕಿದರೆ ಹಣ್ಣಿನ ತೂಕವೇ 1,650 ಕೆ.ಜಿ. ಆಯಿತು. ಖಾಲಿ ಕ್ರೇಟುಗಳ ತೂಕ, ಹಗ್ಗ, ಟಾರ್ಪಾಲು, ಮೇಲೆ ಕಟ್ಟಿಸಿಕೊಂಡ ಕಬ್ಬಿಣದ ಕ್ಯಾರಿಯರ್ ಎಲ್ಲ ಸೇರಿದರೆ ಮಿತಿ ಆಗಲೇ ಮುಗಿದಿರುತ್ತದೆ. ಆದರೂ ಬಾಡಿಯಲ್ಲಿ ಜಾಗ ಕಾಣುತ್ತದೆ. ಜಾಗ ಕಂಡ ಮೇಲೆ ಇನ್ನೂ 40 ಬಾಕ್ಸ್ ಏರುತ್ತವೆ. ಅಲ್ಲಿಗೆ 600 ಕೆ.ಜಿ. ಹೆಚ್ಚಾಯಿತು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಿತಿ ಮೀರಿದ ಹೊರೆಗೆ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ, ಮೇಲಾಗಿ ಮಾಲು ಇಳಿಸುವ ಖರ್ಚು. ದಂಡ ಬೀಳದಿದ್ದರೂ ಗಾಡಿ ತನ್ನ ಪಾಲನ್ನು ವಸೂಲಿ ಮಾಡಿಕೊಳ್ಳುತ್ತದೆ: ಹಿಂದಿನ ಟೈರು ಬೇಗ ಸವೆಯುತ್ತದೆ, ಪ್ಲೇಟು ಕೂರುತ್ತದೆ, ಕ್ಲಚ್ ಸುಡುತ್ತದೆ, ಬ್ರೇಕ್ ಹಿಡಿಯುವ ದೂರ ಬೆಳೆಯುತ್ತದೆ. ಹೊಸ ಗಾಡಿ ತಂದ ಮೊದಲ ತಿಂಗಳಲ್ಲೇ ವೇಬ್ರಿಡ್ಜಿನ ಮೇಲೆ ಒಮ್ಮೆ ಖಾಲಿ, ಒಮ್ಮೆ ನಿಮ್ಮ ವಾಡಿಕೆಯ ಲೋಡಿನೊಂದಿಗೆ ನಿಲ್ಲಿಸಿ ಚೀಟಿ ಬರೆಸಿಕೊಳ್ಳಿ. ಎಷ್ಟು ಹೊರಿಸುತ್ತಿದ್ದೇವೆ ಎಂಬುದು ಕಣ್ಣಳತೆಗೆ ಸಿಗುವುದಿಲ್ಲ.

ಕಾರಿನಿಂದ ಪಿಕಪ್‌ಗೆ ಬಂದವರಿಗೆ ಮೊದಲ ಆಶ್ಚರ್ಯ ಖಾಲಿ ಗಾಡಿಯದು. ಟನ್ನುಗಟ್ಟಲೆ ಹೊರಲು ಕೂರಿಸಿದ ಪ್ಲೇಟುಗಳು ಹೊರೆ ಇಲ್ಲದಾಗ ಬಾಗುವುದೇ ಇಲ್ಲ. ಪ್ರತಿ ಹಂಪಿನಲ್ಲೂ ಹಿಂಬದಿ ಎಗರುತ್ತದೆ. ಮಳೆಯಲ್ಲಿ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಹಗುರವಾದ ಹಿಂದಿನ ಚಕ್ರಗಳು ಜಾರುವ ಸಂಭವ ಹೆಚ್ಚು. ಹೊರೆ ಹೊತ್ತ ಗಾಡಿಯೇ ಅಪಾಯದ್ದು, ಖಾಲಿ ಗಾಡಿ ಸಲೀಸು ಎಂಬುದು ನಮ್ಮಲ್ಲಿ ಬೇರೂರಿದ ತಪ್ಪು ಗ್ರಹಿಕೆ. ಮಾಲು ಇಳಿಸಿ, ಕೈಯಲ್ಲಿ ದುಡ್ಡು ಬಂದು, ರಾತ್ರಿಯೆಲ್ಲ ನಿದ್ದೆಗೆಟ್ಟು ಬೆಳಗಿನ ಜಾವ ಖಾಲಿ ಗಾಡಿ ಓಡಿಸಿಕೊಂಡು ಬರುವ ಹೊತ್ತು ಹೆಚ್ಚು ಎಚ್ಚರ ಬೇಡುತ್ತದೆ. ಟೈರಿನ ಗಾಳಿಯೂ ಎರಡು ಬಗೆ: ಖಾಲಿಗೆ ಒಂದು, ಲೋಡಿಗೆ ಒಂದು. ಕಂಪನಿ ಎರಡನ್ನೂ ಕೈಪಿಡಿಯಲ್ಲಿ ಕೊಟ್ಟಿರುತ್ತದೆ. ಪಂಕ್ಚರ್ ಅಂಗಡಿಯವನಿಗೆ ಆ ಸಂಖ್ಯೆಯನ್ನು ಹೇಳಬೇಕಾದವರು ನಾವು.

ಘಾಟಿಯ ಮಾತು ಬೇರೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಲೋಡಿನೊಂದಿಗೆ ಇಳಿಯುವಾಗ ಹತ್ತಲು ಬೇಕಾದ ಗೇರಿನಲ್ಲೇ ಇಳಿಯಬೇಕು ಎಂಬುದು ಹಳೆಯ ಲಾರಿ ಚಾಲಕರ ಮಾತು. ಅದು ಇವತ್ತಿಗೂ ನೂರಕ್ಕೆ ನೂರು ಸರಿ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕು ಕೊನೆಯ ತಿರುವಿಗೆ ಉಳಿಯುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ಲಿಗೆ ಹಾಕಿ ಬಿಡುವ ಚಟ ಹಲವರಲ್ಲಿದೆ. ಹಾಗೆ ಬಿಟ್ಟಾಗ ಇಡೀ ಹೊರೆಯನ್ನು ಬ್ರೇಕ್ ಒಂದೇ ತಡೆಯಬೇಕು, ಅದು ಕಾದು ಸೋಲುತ್ತದೆ. ಎಂಜಿನ್ನನ್ನೇ ಆರಿಸಿದರಂತೂ ಸ್ಟೇರಿಂಗ್ ಬಿಗಿಯುತ್ತದೆ, ಬ್ರೇಕ್ ಕಲ್ಲಾಗುತ್ತದೆ. ಹೊಸ ಡೀಸೆಲ್ ಎಂಜಿನ್ ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನೇ ಕಡಿತ ಮಾಡುತ್ತದೆ. ಆದ್ದರಿಂದ ನ್ಯೂಟ್ರಲ್ಲಿನಲ್ಲಿ ಉಳಿಯುವ ಡೀಸೆಲ್ಲೂ ಇಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು ಕೊಳ್ಳುವವರಿಗೆ ದೊಡ್ಡ ನಿರಾಳ. ಆದರೂ ಹೆಚ್ಚಿನವರು ಕೊಳ್ಳುವುದು ಸಾಲದ ಮೇಲೆ. ಎಂಟು ಲಕ್ಷ ಸಾಲ, ಶೇ. 11ರ ಬಡ್ಡಿ, 60 ಕಂತು ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 17,400 ರೂಪಾಯಿ, ಬಡ್ಡಿಯೇ ಎರಡೂವರೆ ಲಕ್ಷದ ಹತ್ತಿರ. ಗಾಡಿ ತಿಂಗಳಿಗೆ 3,000 ಕಿ.ಮೀ. ಓಡಿದರೆ ಒಂದೊಂದು ಕಿಲೋಮೀಟರಿನ ಮೇಲೂ ಕಂತಿನ ಭಾರ 5 ರೂಪಾಯಿ 80 ಪೈಸೆ. ಲೀಟರಿಗೆ 12 ಕಿ.ಮೀ. ಕೊಟ್ಟು, ಡೀಸೆಲ್ 90 ರೂಪಾಯಿ ಇದ್ದರೆ ಡೀಸೆಲ್ಲಿನ ಭಾರ ಏಳೂವರೆ. ಬಾಡಿಗೆ ಸಿಗದೆ ಓಟ 1,500 ಕಿ.ಮೀ.ಗೆ ಇಳಿದರೆ ಕಂತಿನ ಭಾರ 11 ರೂಪಾಯಿ 60 ಪೈಸೆಗೆ ಏರಿ ಡೀಸೆಲ್ಲನ್ನೂ ಮೀರುತ್ತದೆ. ಮೈಲೇಜಿನ ಬಗ್ಗೆ ನಾವು ಆಡುವಷ್ಟು ಮಾತನ್ನು ನಿಂತ ಗಾಡಿಯ ಬಗ್ಗೆ ಆಡುವುದಿಲ್ಲ. ಒಂದು ಕಡೆ ಮಾತ್ರ ಲೋಡ್ ಸಿಕ್ಕು ಖಾಲಿ ಮರಳುವ ಗಾಡಿಯಲ್ಲಿ ದುಡಿಯುವ ಕಿಲೋಮೀಟರು ಅರ್ಧ ಮಾತ್ರ. ಹಾಗಾಗಿ ಗಾಡಿ ಬುಕ್ ಮಾಡುವುದಕ್ಕೆ ಮುಂಚೆ ರಿಟರ್ನ್ ಲೋಡ್ ಎಲ್ಲಿಂದ, ಯಾವ ಮಂಡಿಯಿಂದ ಎಂದು ಕಂಡುಕೊಂಡವರು ಉಳಿಯುತ್ತಾರೆ. ಫಸಲಿನ ನಾಲ್ಕು ತಿಂಗಳನ್ನು ಮಾತ್ರ ನಂಬಿ ಕೊಂಡವರಿಗೆ ಉಳಿದ ಎಂಟು ತಿಂಗಳ ಕಂತು ಕಣ್ಣೀರು ತರಿಸುತ್ತದೆ.

ಕಾಗದಪತ್ರದ ಕೆಲವು ಸಂಗತಿ ಚುಟುಕಾಗಿ. ಸ್ವಂತ ಹೊಲದ ಮಾಲನ್ನೇ ಸಾಗಿಸಿದರೂ ಸರಕು ಪಿಕಪ್‌ಗೆ ಹಳದಿ ಬೋರ್ಡ್. ಹೊಸದಕ್ಕೆ ಎರಡು ವರ್ಷದ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ), ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷವೂ. ಒಟ್ಟು ತೂಕ 3,000 ಕೆ.ಜಿ. ದಾಟದ ಗಾಡಿಗೆ ಪರ್ಮಿಟ್ ಬೇಕಿಲ್ಲ. 1.7 ಟನ್ ಹೊರುವವು ಈ ಗೆರೆ ದಾಟುತ್ತವೆ. ಥರ್ಡ್ ಪಾರ್ಟಿ ವಿಮೆ ಕಾರಿನದಕ್ಕಿಂತ ಬಹಳ ಹೆಚ್ಚು: 7,500 ಕೆ.ಜಿ. ಒಳಗಿನ ಸರಕು ವಾಹನಕ್ಕೆ 2022ರಲ್ಲಿ ನಿಗದಿಯಾದ ದರ ವರ್ಷಕ್ಕೆ 16,049 ರೂಪಾಯಿ. ಲೈಸೆನ್ಸಿನ ಗೊಂದಲ ಮಾತ್ರ ತೀರಿದೆ. ಸಾಮಾನ್ಯ ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸರಕು ವಾಹನ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಖಚಿತವಾಗಿ ಹೇಳಿತು.

ಹಳೆಯ ಪಿಕಪ್ ಇದ್ದವರು ಹೊಸದು ತಂದಾಗ ಎದುರಾಗುವ ದೊಡ್ಡ ಬದಲಾವಣೆ ಎಂಜಿನ್ನಿನದು. 2020ರ ಏಪ್ರಿಲಿನಿಂದ ಬಿಎಸ್-6 ಕಡ್ಡಾಯವಾದ ಮೇಲೆ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಬಂತು. ಗಾಡಿ ಒಂದಷ್ಟು ಹೊತ್ತು ಬಿಡುವಿಲ್ಲದೆ ಓಡಿ ಬಿಸಿಯಾದಾಗ ಅದರಲ್ಲಿ ಕೂತ ಮಸಿ ಸುಟ್ಟುಹೋಗುತ್ತದೆ. ಆದರೆ ಊರೊಳಗೆ ಎರಡು ಕಿಲೋಮೀಟರ್ ಓಡಿ, ಎಂಜಿನ್ ಆರಿಸಿ, ಮತ್ತೆ ಎರಡು ಕಿಲೋಮೀಟರ್ ಓಡುವ ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನ್, ದಿನಸಿ ಗಾಡಿಗಳಲ್ಲಿ ಮಸಿ ಸುಡುವುದಿಲ್ಲ, ಕಟ್ಟಿಕೊಳ್ಳುತ್ತ ಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಅಸಡ್ಡೆ ಮಾಡಿದರೆ ಎಳೆತ ಕುಗ್ಗುತ್ತದೆ. ಅಂಥ ಓಟ ಇರುವವರಿಗೆ ಡೀಸೆಲ್ ಸರಿಯಾದ ಆಯ್ಕೆ ಅಲ್ಲ. ಸಿಎನ್‌ಜಿ, ಪೆಟ್ರೋಲ್ ಅಥವಾ ವಿದ್ಯುತ್ ಗಾಡಿ ನೋಡುವುದು ಮೇಲು. ಮಾರುವವರು ಇದನ್ನು ಕೊಳ್ಳುವವರಿಗೆ ಬಿಡಿಸಿ ಹೇಳಬೇಕು. ದಿನಕ್ಕೆ ಎಷ್ಟು ಓಟ, ಎಲ್ಲಿ ಓಟ ಎಂದು ಒಂದು ಪ್ರಶ್ನೆ ಕೇಳಿದರೆ ಸಾಕಿತ್ತು. ಇನ್ನೊಂದು ನಷ್ಟ ಊರ ಮೆಕ್ಯಾನಿಕ್ಕಿನದು. ಸದ್ದು ಕೇಳಿಯೇ ರೋಗ ಹೇಳುತ್ತಿದ್ದವರ ಕೈಯಲ್ಲಿ ಸ್ಕ್ಯಾನರ್ ಇಲ್ಲ. ಸೆನ್ಸರ್ ಕೈಕೊಟ್ಟರೆ ಗಾಡಿ ತಾಲ್ಲೂಕು ಕೇಂದ್ರವನ್ನೂ ದಾಟಿ ಕಂಪನಿಯ ವರ್ಕ್‌ಶಾಪಿಗೇ ಹೋಗಬೇಕು. ಗಾಳಿ ಶುದ್ಧವಾಗಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದರ ತಿಳಿವಳಿಕೆಯನ್ನು ಹಳ್ಳಿಯ ಗ್ಯಾರೇಜಿಗೆ ಮುಟ್ಟಿಸದೆ ಗಾಡಿಯನ್ನು ಮಾತ್ರ ಮುಟ್ಟಿಸಿದ್ದು ತಪ್ಪು.

ಇಸುಜುವಿನ ವಿ-ಕ್ರಾಸ್, ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೋಟಾ ಹೈಲಕ್ಸ್ ಕೂಡ ಪಿಕಪ್‌ಗಳೇ. ಅವು ಬಿಳಿ ಬೋರ್ಡಿನ, ಹವಾನಿಯಂತ್ರಿತ, ಏರ್‌ಬ್ಯಾಗ್ ಇರುವ, ಎಸ್ಟೇಟ್ ಮಾಲೀಕರೂ ದೂರ ಪ್ರಯಾಣದ ಉತ್ಸಾಹಿಗಳೂ ಮೆಚ್ಚುವ ಗಾಡಿಗಳು. ಅವುಗಳನ್ನು ಇಲ್ಲಿ ಹೆಸರಿಸುವುದಕ್ಕೆ ಕಾರಣ ಒಂದೇ. ಹಿಂದೆ ಹೊರೆ ಹೊರುವ ಗಾಡಿಯ ಮುಂದೆ ಮನುಷ್ಯ ಸುಖವಾಗಿ, ಸುರಕ್ಷಿತವಾಗಿ ಕೂರಬಹುದು ಎಂಬುದನ್ನು ಅವು ಸಾಬೀತು ಮಾಡಿವೆ.

ದುಡಿಯುವ ಪಿಕಪ್‌ನಲ್ಲಿ ಏನಿದೆ ನೋಡಿ. ಏಸ್‌ನಂಥ ಮೂತಿ ಚಪ್ಪಟೆಯ ಗಾಡಿಗಳಲ್ಲಿ ಎಂಜಿನ್ ಸೀಟಿನ ಕೆಳಗೇ ಇದೆ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಮಧ್ಯಾಹ್ನ ಓಡಿಸುವವನಿಗೆ ಮೇಲಿನಿಂದ ಬಿಸಿಲು, ಕೆಳಗಿನಿಂದ ಎಂಜಿನ್ನಿನ ಕಾವು. ಮುಂದೆ ಬಾನೆಟ್ ಇಲ್ಲದ್ದರಿಂದ ಡಿಕ್ಕಿಯಾದರೆ ಮೊದಲ ಪೆಟ್ಟು ಕಾಲಿಗೆ. ಬೊಲೆರೊದಂಥವು ಈ ವಿಷಯದಲ್ಲಿ ವಾಸಿ, ಎಂಜಿನ್ ಮುಂದಿದೆ. ಆದರೂ ಸೀಟು ಸಪೂರ, ಬೆನ್ನಿಗೆ ಒತ್ತಾಸೆ ಕಡಿಮೆ. ಈಚೆಗೆ ಕೆಲವು ಮಾದರಿಗಳಲ್ಲಿ ಎಸಿ, ಎತ್ತರ ಬದಲಿಸಬಹುದಾದ ಸೀಟು ಬಂದಿರುವುದು ಸಂತೋಷದ ಸಂಗತಿ. ಸಾಲದ ಮೊತ್ತ ಸ್ವಲ್ಪ ಹೆಚ್ಚಾದರೂ ಅವುಗಳನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ. ಐದು ವರ್ಷ ಕಂತು ಕಟ್ಟುವ ಬೆನ್ನು ಅದೇ.

ಇನ್ನು ಹಿಂದೆ ಕೂರುವವರ ಮಾತು. ಮಾಲಿನ ಮೇಲೆ ಕೂಲಿಯವರು, ಜಾತ್ರೆಗೆ ಹೊರಟ ಮನೆಮಂದಿ, ದಿಬ್ಬಣ: ಹೊಸ ಪಿಕಪ್ ಊರಿಗೆ ಬಂದ ವಾರದಲ್ಲೇ ಇಂಥ ಕೋರಿಕೆ ಬರುತ್ತದೆ, ನೆಂಟರಿಗೆ ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿಯ ಜತೆ ವ್ಯಾಪಾರಿಗಳನ್ನೂ ಹೊತ್ತು ಹೊರಟ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ನಸುಕಿನಲ್ಲಿ ಉರುಳಿ 10 ಮಂದಿ ತೀರಿಕೊಂಡರು. ಅದು ಲಾರಿ, ಆದರೆ ಅಭ್ಯಾಸ ಅದೇ. ಮಾಲಿನ ಒಡೆಯ ಅಥವಾ ಅವನ ಪ್ರತಿನಿಧಿಯನ್ನು ಬಿಟ್ಟು, ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡವರಿಗೆ ಏನಾದರೂ ಆದರೆ ವಿಮಾ ಕಂಪನಿಯ ಹೊಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ ಹಿಂದೆಯೇ ಹೇಳಿದೆ. ನೆಂಟಸ್ತಿಕೆ ಉಳಿಸಿಕೊಳ್ಳಲು ಹತ್ತಿಸಿಕೊಂಡವರ ಜೀವದ ಹೊಣೆ ಗಾಡಿಯ ಒಡೆಯನ ಹೆಗಲಿಗೇ ಬೀಳುತ್ತದೆ. ಇಲ್ಲ ಎಂದು ಹೇಳಿಬಿಡಿ.

ನನ್ನ ತಕರಾರು ಕಂಪನಿಗಳ ಮೇಲಿಗಿಂತ ನಿಯಮಗಳ ಮೇಲೆ ಹೆಚ್ಚು. 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ನಕ್ಷತ್ರ ಸಿಗುವುದು ಪ್ರಯಾಣಿಕ ಕಾರುಗಳಿಗೆ ಮಾತ್ರ. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಯಿತು, ಆದರೆ ಅದು 3.5 ಟನ್ ಮೀರಿದ ವಾಹನಗಳಿಗೆ. ಕಾರಿನವನಿಗೆ ನಕ್ಷತ್ರ, ಲಾರಿಯವನಿಗೆ ತಂಪು, ನಡುವೆ ಇರುವ ಪಿಕಪ್ ಚಾಲಕನಿಗೆ ಎರಡೂ ಇಲ್ಲ. ಹಳ್ಳಿಯಿಂದ ಮಾರುಕಟ್ಟೆಗೆ ಅನ್ನ ಸಾಗಿಸುತ್ತಿರುವವನು ಅವನೇ. ಗಾಡಿ ಕೊಳ್ಳುವವರು ಶೋರೂಮಿನಲ್ಲಿ ಏರ್‌ಬ್ಯಾಗ್ ಇದೆಯೇ, ಎಸಿ ಇದೆಯೇ ಎಂದು ಜೋರಾಗಿ ಕೇಳಲಿ. ಕೇಳುವವರು ಹೆಚ್ಚಿದರೆ ಕಂಪನಿಗಳು ಕೊಡುತ್ತವೆ. ಕೇಂದ್ರದ ಸಾರಿಗೆ ಸಚಿವಾಲಯ 3.5 ಟನ್ನಿನೊಳಗಿನ ಸರಕು ವಾಹನಗಳನ್ನೂ ಡಿಕ್ಕಿ ಪರೀಕ್ಷೆಯ ಮತ್ತು ಎಸಿ ಕ್ಯಾಬಿನ್ನಿನ ನಿಯಮಗಳೊಳಗೆ ತರಬೇಕು.