ಕಛೇರಿಯ ಧ್ವನಿಮುದ್ರಣ: ಯಂತ್ರಕ್ಕಿಂತ ಮೊದಲು ಮೈಕು

ಹೊರನಾಡಿನ ಕನ್ನಡ ಸಂಘಗಳ ವಾರ್ಷಿಕ ಕಾರ್ಯಕ್ರಮಗಳಲ್ಲಿ ಸಂಗೀತ ಕಛೇರಿಗೆ ಒಂದು ಸ್ಥಾನ ಇದ್ದೇ ಇದೆ. ಧಾರವಾಡದಿಂದಲೋ ಮೈಸೂರಿನಿಂದಲೋ ಕಲಾವಿದರು ಬರುತ್ತಾರೆ, ಎರಡು ಮೂರು ಗಂಟೆ ಹಾಡುತ್ತಾರೆ. ಹಾರ, ಶಾಲು, ವಂದನಾರ್ಪಣೆಯೊಂದಿಗೆ ಎಲ್ಲವೂ ಮುಗಿಯುತ್ತದೆ. ಮರುದಿನ ಉಳಿಯುವುದು ಯಾರೋ ಮಾಡಿಕೊಂಡ ಧ್ವನಿಮುದ್ರಣ ಮಾತ್ರ. ಅದನ್ನು ಹಾಕಿ ಕೇಳಿದರೆ ಬಹುಮಟ್ಟಿಗೆ ನಿರಾಸೆಯೇ. ಗಾಯಕರು ಟೆಲಿಫೋನಿನಲ್ಲಿ ಹಾಡಿದಂತೆಯೂ ಮೃದಂಗ ಪಕ್ಕದ ಕೋಣೆಯಲ್ಲಿ ನುಡಿದಂತೆಯೂ ಕೇಳುತ್ತದೆ. ದೋಷವೆಲ್ಲ ಯಂತ್ರದ್ದೆಂದು ಬಗೆದು, ಇನ್ನೂ ದುಬಾರಿಯಾದುದನ್ನು ಕೊಳ್ಳುವ ಚರ್ಚೆ ಸಮಿತಿಯಲ್ಲಿ ಆರಂಭವಾಗುತ್ತದೆ. ದೋಷವಿರುವುದು ಯಂತ್ರದಲ್ಲಲ್ಲ, ನಮ್ಮ ಆಯ್ಕೆಯ ಕ್ರಮದಲ್ಲಿ ಎಂಬುದು ನನ್ನ ಅಭಿಪ್ರಾಯ.

ಧ್ವನಿಮುದ್ರಣ ಯಂತ್ರ ಸಂಗೀತವನ್ನು ತುಂಬಿಡುವ ಬರಿಯ ಪಾತ್ರೆಯಲ್ಲ. ಏನು ಉಳಿಯಬೇಕು, ಏನು ಹೋಗಬೇಕು ಎಂಬುದನ್ನು ಅದೂ ನಿರ್ಧರಿಸುತ್ತದೆ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ತನ್ನ ಸಲಕರಣೆಗಳನ್ನು ಹಡಗಿನಲ್ಲಿ ತಂದು ಕಲಕತ್ತೆಯ ಹೋಟೆಲೊಂದರಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡಾಗ, ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕಾಯಿತು. ನಮ್ಮ ಮಲ್ಲಿಕಾರ್ಜುನ ಮನ್ಸೂರರೂ 1930ರ ದಶಕದಲ್ಲಿ ಗ್ರಾಮಫೋನ್ ತಟ್ಟೆಯ ಒಂದು ಮುಖದ ಅಳತೆಗೆ ಹಾಡಬೇಕಾಗಿತ್ತು. 1951ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಟೆಫಾನ್ ಕುದೆಲ್ಸ್ಕಿ ‘ನಾಗ್ರಾ’ ಎಂಬ, ಹೊತ್ತೊಯ್ಯಬಹುದಾದ ಟೇಪ್ ಯಂತ್ರವನ್ನು ಸಿದ್ಧಪಡಿಸಿದ. ಅಂಥ ಯಂತ್ರಗಳು ಬಂದ ಮೇಲೆ ಒಳ್ಳೆಯ ಧ್ವನಿಮುದ್ರಣ ಸ್ಟುಡಿಯೋದ ಹೊಸಿಲು ದಾಟಿತು. ಇಂದು ಅಂಗೈಯಲ್ಲಿ ಹಿಡಿಸುವ ಯಂತ್ರ ಇಡೀ ರಾತ್ರಿಯ ಬೈಠಕ್ಕನ್ನು ಉಳಿಸಿಕೊಳ್ಳಬಲ್ಲದು. ಕಾಲದ ಮಿತಿ ಹೋಯಿತು. ಉಳಿದ ಮಿತಿಗಳು ಹೋಗಿಲ್ಲ.

ಸಂಘಗಳಲ್ಲಿ ಹೆಚ್ಚಾಗಿ ಕಾಣುವ ಕ್ರಮವೆಂದರೆ, ಧ್ವನಿವರ್ಧಕದವನ ಮಿಕ್ಸರಿನಿಂದ ಒಂದು ವೈರು ಎಳೆದು ರೆಕಾರ್ಡರಿಗೆ ಸೇರಿಸುವುದು. ಇದು ಸುಲಭ, ಸಭಿಕರ ಕೆಮ್ಮೂ ಕೇಳಿಸದು. ಆದರೆ ಮಿಕ್ಸರಿನವನ ಕೆಲಸ ಹಾಲ್‌ನಲ್ಲಿ ಕೊರತೆಯಾದ ಧ್ವನಿಯನ್ನಷ್ಟೇ ತುಂಬಿಕೊಡುವುದು. ಇನ್ನೂರು ಜನ ಕೂಡುವ ಹಾಲ್‌ನಲ್ಲಿ ಮೃದಂಗದ ನಾದ ತಾನಾಗಿಯೇ ಹಿಂದಿನ ಸಾಲಿಗೆ ತಲುಪುತ್ತದೆ. ಆದ್ದರಿಂದ ಅವನು ಅದರ ಮೈಕನ್ನು ತಗ್ಗಿಸಿ ಗಾಯಕರದನ್ನು ಏರಿಸುತ್ತಾನೆ. ಎದುರಿಗೆ ಕುಳಿತವರಿಗೆ ಎರಡೂ ಸಮವಾಗಿ ಕೇಳುತ್ತವೆ. ವೈರಿನಲ್ಲಿ ಹೋದುದರಲ್ಲಿ ಮಾತ್ರ ಮೃದಂಗ ಬಡವಾಗಿರುತ್ತದೆ. ಅವನು ಮಾಡಿದ್ದು ಸರಿಯೇ. ಅದನ್ನು ನಾವು ಅದರದ್ದಲ್ಲದ ಕೆಲಸಕ್ಕೆ ಬಳಸಿಕೊಳ್ಳುತ್ತೇವೆ.

ಇನ್ನೊಂದು ಕ್ರಮ, ಮೊಬೈಲನ್ನು ವೇದಿಕೆಯ ಅಂಚಿನಲ್ಲಿಡುವುದು. ಮೊಬೈಲಿನಲ್ಲೂ ಅನೇಕ ಅಗ್ಗದ ರೆಕಾರ್ಡರುಗಳಲ್ಲೂ ಧ್ವನಿ ತಗ್ಗಿದಾಗ ಏರಿಸಿ, ಏರಿದಾಗ ತಗ್ಗಿಸುವ ಸ್ವಯಂಚಾಲಿತ ವ್ಯವಸ್ಥೆ ಇರುತ್ತದೆ. ಭಾಷಣಕ್ಕೆ ಇದು ಅನುಕೂಲ, ಸಂಗೀತಕ್ಕೆ ಮಾರಕ. ಆಲಾಪದ ನಡುವೆ ಗಾಯಕರು ಉಸಿರು ತೆಗೆದುಕೊಳ್ಳಲು ನಿಂತರೆ, ಆ ಕ್ಷಣಕ್ಕೆ ಫ್ಯಾನಿನ ಸದ್ದು ಉಬ್ಬಿ ಬರುತ್ತದೆ. ಅವರು ತಾರಷಡ್ಜಕ್ಕೆ ಏರಿದರೆ ಯಂತ್ರ ಅವರನ್ನು ಕೆಳಕ್ಕೆ ಒತ್ತುತ್ತದೆ. ಅರ್ಧ ಗಂಟೆ ತಾಳ್ಮೆಯಿಂದ ಕಟ್ಟಿದ ಏರಿಳಿತ ಸಪಾಟಾಗುತ್ತದೆ. ಇದನ್ನು ತಾಂತ್ರಿಕ ಲೋಪ ಎಂದರೆ ಸಾಲದು, ಇದು ರಸಭಂಗ.

ಹಾಗಾದರೆ ಏನು ಮಾಡಬೇಕು? ನೇರವಾಗಿ ಬರುವ ಧ್ವನಿ, ದೂರ ಇಮ್ಮಡಿಯಾದಾಗ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳಿಂದ ಮರಳುವ ಅನುರಣನವಾದರೋ ಹಾಲ್‌ನ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಎಂದರೆ, ಗಾಯನವೆಷ್ಟು, ಗೋಡೆಯೆಷ್ಟು ಎಂಬ ಪ್ರಮಾಣವನ್ನು ಗೊತ್ತುಮಾಡುವುದು ಮೈಕಿನ ಜಾಗವೇ ಹೊರತು ಯಂತ್ರದ ಬೆಲೆಯಲ್ಲ. ಎದುರಿನ ಧ್ವನಿಯನ್ನೇ ಹೆಚ್ಚಾಗಿ ಹಿಡಿಯುವ ‘ಕಾರ್ಡಿಯಾಯ್ಡ್’ ಜಾತಿಯ ಎರಡು ಮೈಕುಗಳನ್ನು ಒಂದೇ ಸ್ಟ್ಯಾಂಡಿಗೆ, 17 ಸೆಂಟಿಮೀಟರ್ ಅಂತರದಲ್ಲಿ, 110 ಡಿಗ್ರಿ ಕೋನದಲ್ಲಿ ಹೊರಮುಖವಾಗಿ ಜೋಡಿಸುವ ವಿಧಾನ ಫ್ರೆಂಚ್ ಬಾನುಲಿಯವರದು. ಸ್ಟ್ಯಾಂಡನ್ನು ಕಲಾವಿದರಿಂದ ಎರಡು ಮೀಟರ್ ದೂರದಲ್ಲಿ, ಕುಳಿತವರ ತಲೆಗಿಂತ ಎತ್ತರಕ್ಕೆ, ಲೌಡ್‌ಸ್ಪೀಕರುಗಳು ಮುಂದಾಗಿ ಉಳಿಯುವಂತೆ ನಿಲ್ಲಿಸಿ. ಶ್ರುತಿ ಮಾಡಿಕೊಳ್ಳುವಾಗಲೇ ಹೆಡ್‌ಫೋನಿನಲ್ಲಿ ಕೇಳಿ, ಅಗತ್ಯವಿದ್ದರೆ ಹಿಂದೆ ಮುಂದೆ ಸರಿಸಿ. ಫೋಟೋಕ್ಕೆ ಅಡ್ಡ ಬರುತ್ತದೆಂಬ ಆಕ್ಷೇಪ ಬಂದೀತು. ಶಾಲು ಹೊದಿಸುವ ಐದು ನಿಮಿಷ ಸ್ಟ್ಯಾಂಡನ್ನು ಪಕ್ಕಕ್ಕಿಟ್ಟರಾಯಿತು.

ಇನ್ನು ಯಂತ್ರ. ಮೈಕುಗಳಿಗೆ 48 ವೋಲ್ಟ್ ಒದಗಿಸುವಂಥದು, ಸ್ವಯಂಚಾಲಿತ ವ್ಯವಸ್ಥೆಯನ್ನು ನಿಲ್ಲಿಸಿ ಮಟ್ಟವನ್ನು ಕೈಯಿಂದಲೇ ಇಡಲು ಬಿಡುವಂಥದು, ತಂಬೂರಿಯ ನಾದದ ಹಿಂದೆ ತನ್ನದೇ ‘ಹಿಸ್’ ಸದ್ದನ್ನು ಸೇರಿಸದಂಥದು, ಬ್ಯಾಟರಿಯಲ್ಲಿ ಇಡೀ ಕಛೇರಿ ನಡೆಯುವಂಥದು: ಇಷ್ಟು ಸಾಕು. ಜಾಹೀರಾತಿನ 192 ಕಿಲೋಹರ್ಟ್ಸ್‌ಗೆ ಮರುಳಾಗಬೇಕಾಗಿಲ್ಲ. 20 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಮನುಷ್ಯನ ಕಿವಿ ಕೇಳದು. 48 ಕಿಲೋಹರ್ಟ್ಸ್, 24 ಬಿಟ್ ಧಾರಾಳ. ಎರಡು ಚಾನೆಲಿಗೆ ಗಂಟೆಗೆ ಸುಮಾರು 1 ಗಿಗಾಬೈಟ್ ಜಾಗ ಸಾಕು. 24 ಬಿಟ್‌ನಲ್ಲಿ ಅತ್ಯಂತ ಜೋರಿನ ಜಾಗವನ್ನೂ ಮೇಲಿನ ಮಿತಿಗಿಂತ 10-12 ಡೆಸಿಬೆಲ್ ಕೆಳಗಿಟ್ಟರೆ ನಷ್ಟವೇನಿಲ್ಲ. 2019ರಲ್ಲಿ ಬಂದ ‘ಝೂಮ್ ಎಫ್6’ನಂಥ ಯಂತ್ರಗಳ 32 ಬಿಟ್ ಫ್ಲೋಟ್ ವಿಧಾನದಲ್ಲಿ ಮಟ್ಟ ತಪ್ಪಿದರೂ ಆಮೇಲೆ ಸರಿಪಡಿಸಬಹುದು ಎನ್ನುತ್ತಾರೆ. ಮಾತು ನಿಜ. ಆದರೆ ಮೈಕೇ ತಾಳಲಾರದೆ ಒಡೆದ ಧ್ವನಿಯನ್ನು ಅದು ಕೂಡಿಸದು. ತಪ್ಪು ಜಾಗದಲ್ಲಿಟ್ಟ ಮೈಕನ್ನು ಸರಿಸಲೂ ಆರದು. ಕೈಯಲ್ಲಿರುವ ಹಣದ ದೊಡ್ಡ ಪಾಲನ್ನು ಮೈಕು, ಸ್ಟ್ಯಾಂಡುಗಳಿಗೆ ಮೀಸಲಿಟ್ಟು, ಉಳಿದುದರಲ್ಲಿ ರೆಕಾರ್ಡರನ್ನು ಕೊಳ್ಳುವುದೇ ಜಾಣತನ.

ಇಷ್ಟೆಲ್ಲ ಏಕೆ ಎಂದು ಕೇಳುವವರಿಗೆ ಒಂದು ನಿದರ್ಶನ. ಡಚ್ ವಿದ್ವಾಂಸ ಆರ್ನಲ್ಡ್ ಬಾಕೆ 1938ರಲ್ಲಿ ಇಂದಿನ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಸುತ್ತಿ ಧ್ವನಿಮುದ್ರಣ ಮಾಡಿದ್ದರು. 46 ವರ್ಷಗಳ ನಂತರ, 1984ರಲ್ಲಿ, ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅದೇ ಪ್ರದೇಶಗಳಿಗೆ ಹೋಗಿ, ಯಾವ ಕಲೆ ಉಳಿದಿದೆ, ಯಾವುದು ಬದಲಾಗಿದೆ ಎಂದು ಹೋಲಿಸಿ ನೋಡಿದರು. ಬಾಕೆಯವರ ಮುದ್ರಣಗಳಿಲ್ಲದಿದ್ದರೆ ಹೋಲಿಸಲು ಏನಿರುತ್ತಿತ್ತು? ನಮ್ಮ ಮುದ್ರಣವೂ ಒಂದು ಸಾಕ್ಷಿ. ಮೃದಂಗವನ್ನು ನುಂಗಿದ, ಗಾಯಕರ ಏರಿಳಿತವನ್ನು ಅಳಿಸಿದ ಸಾಕ್ಷಿ ಸುಳ್ಳುಸಾಕ್ಷಿ. ಆ ಕಲಾವಿದರನ್ನು ಎಂದೂ ಎದುರಿಗೆ ಕೇಳದ ನಾಳೆಯವರು ಅದನ್ನೇ ನಂಬುತ್ತಾರೆ.

ಎರಡು ಮಾತು ಉಳಿದಿವೆ. ಕಲಾವಿದರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಅದು ಮರ್ಯಾದೆಯೂ ಹೌದು, 1994ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾನೂನು ಮನ್ನಿಸಿದ ಅವರ ಹಕ್ಕೂ ಹೌದು. ದಿನಾಂಕ, ಸ್ಥಳ, ಪಕ್ಕವಾದ್ಯದವರ ಹೆಸರು, ರಾಗ, ತಾಳಗಳನ್ನು ಅಂದೇ ಬರೆದಿಡಬೇಕು. ಇದಕ್ಕೆ ಬೇಕಾದುದು ಒಂದು ನೋಟುಬುಕ್ಕು ಮಾತ್ರ; ಸಮಿತಿಯ ಮಂಜೂರಾತಿಗೆ ಕಾಯಬೇಕಾಗಿಲ್ಲ.