ಮಡಚಿದ ಕಿವಿಗೆ ಎರಡು ತೀರ್ಪು

ಒಂದೇ ತಳಿ. ಅಮೆರಿಕದಲ್ಲಿ ಅದು ಚಾಂಪಿಯನ್ ಆಗಬಹುದು. ಹುಟ್ಟಿದ ಬ್ರಿಟನ್ನಿನ ಮುಖ್ಯ ಸಂಸ್ಥೆಯಲ್ಲಿ ಅದಕ್ಕೆ ನೋಂದಣಿಯೇ ಇಲ್ಲ. ಈ ವಾರದ ಮಾತು ಸ್ಕಾಟಿಷ್ ಫೋಲ್ಡ್ ಬೆಕ್ಕಿನದು, ಅದಕ್ಕಿಂತ ಹೆಚ್ಚಾಗಿ ಅದರ ಹಣೆಬರಹ ಬರೆಯುವ ಸಂಸ್ಥೆಗಳದು.

ಬೆಕ್ಕುಗಳನ್ನು ಸಾಲಾಗಿ ಕೂರಿಸಿ ಅಂಕ ಕೊಡುವ ಹವ್ಯಾಸ ಜೋರಾದದ್ದು 1871ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಹ್ಯಾರಿಸನ್ ವೀರ್ ಎಂಬ ಚಿತ್ರಕಾರ ನಡೆಸಿದ ಪ್ರದರ್ಶನದಿಂದ. ಆಮೇಲೆ ಅಮೆರಿಕದಲ್ಲಿ ಸಿಎಫ್‌ಎ (1906), ಬ್ರಿಟನ್ನಿನಲ್ಲಿ ಜಿಸಿಸಿಎಫ್ (1910), ಯುರೋಪಿನಲ್ಲಿ ಫಿಫೆ (1949), ಮತ್ತೆ ಅಮೆರಿಕದಲ್ಲೇ ಟಿಕಾ (1979) ಎಂಬ ನೋಂದಣಿ ಸಂಸ್ಥೆಗಳು ಹುಟ್ಟಿಕೊಂಡವು. ಒಬ್ಬೊಬ್ಬರದೂ ಪ್ರತ್ಯೇಕ ವಂಶಾವಳಿ ಪುಸ್ತಕ, ಪ್ರತ್ಯೇಕ ಮಾನದಂಡ.

ತೀರ್ಪಿನ ರೀತಿಯೂ ಬೇರೆ. ಜಿಸಿಸಿಎಫ್‌ನ ಸಾಂಪ್ರದಾಯಿಕ ಪ್ರದರ್ಶನದಲ್ಲಿ ಬಿಳಿ ಹೊದಿಕೆ, ಬಿಳಿ ಬಟ್ಟಲು, ಪಂಜರಕ್ಕೊಂದು ನಂಬರು. ಯಾರ ಬೆಕ್ಕೆಂದು ಗುರುತು ಸಿಗಬಾರದು. ಮಾಲೀಕರನ್ನು ಹೊರಗೆ ಕಳಿಸಿ ತೀರ್ಪುಗಾರರೇ ಪಂಜರದಿಂದ ಪಂಜರಕ್ಕೆ ನಡೆಯುತ್ತಾರೆ. ಸಿಎಫ್‌ಎ, ಟಿಕಾಗಳಲ್ಲಿ ಬೆಕ್ಕೇ ತೀರ್ಪುಗಾರರ ಮೇಜಿಗೆ ಬರುತ್ತದೆ. ಅವರು ಅದನ್ನು ಎತ್ತಿ ಹಿಡಿದು, ಸುತ್ತ ಕೂತ ಜನಕ್ಕೆ ಗುಣದೋಷ ವಿವರಿಸುತ್ತಾರೆ. ನೋಡಲು ಸೊಗಸೆಂದರೆ ಇದೇ, ನನಗಂತೂ ಸಂಶಯವಿಲ್ಲ. ಆದರೆ ನಾನು ಸಂಸ್ಥೆಯನ್ನು ಅಳೆಯುವುದು ಅದು ಯಾವುದಕ್ಕೆ ಬಹುಮಾನ ಕೊಡುತ್ತದೆ ಎಂಬುದರಿಂದಲ್ಲ, ಯಾವುದಕ್ಕೆ ಒಲ್ಲೆ ಎನ್ನುತ್ತದೆ ಎಂಬುದರಿಂದ.

1961ರಲ್ಲಿ ಸ್ಕಾಟ್ಲೆಂಡಿನ ಕೂಪರ್ ಆ್ಯಂಗಸ್ ಬಳಿಯ ತೋಟದ ಮನೆಯಲ್ಲಿ ಸೂಸಿ ಎಂಬ ಬಿಳಿ ಬೆಕ್ಕಿನ ಕಿವಿ ಮುಂದಕ್ಕೆ ಮಡಚಿಕೊಂಡಿದ್ದುದು ಕಣ್ಣಿಗೆ ಬಿತ್ತು. ಇಂದಿನ ಫೋಲ್ಡ್‌ಗಳೆಲ್ಲ ಅದರ ವಂಶ. ಮರಿಗಳು ನೆಟ್ಟಗಿನ ಕಿವಿಯಲ್ಲೇ ಹುಟ್ಟುತ್ತವೆ. ಮಡಿಕೆ ಕಾಣಲು ಸುಮಾರು ಮೂರು ವಾರ ಬೇಕು. ಕಿವಿಯನ್ನು ಬಗ್ಗಿಸುವುದು ಒಂದು ವಂಶವಾಹಿ ತರುವ ಮೃದ್ವಸ್ಥಿಯ ದೋಷ, ಮತ್ತು ಮೃದ್ವಸ್ಥಿ ಇರುವುದು ಕಿವಿಯಲ್ಲಷ್ಟೇ ಅಲ್ಲವಲ್ಲ! ಅದೇ ವಂಶವಾಹಿ ಪಾದ, ಹಿಮ್ಮಡಿ, ಬಾಲಗಳ ಕೀಲುಗಳನ್ನೂ ಬಿಗಿಯುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು.

ಜಿಸಿಸಿಎಫ್ 1970ರ ದಶಕದ ಆರಂಭದಲ್ಲೇ ನೋಂದಣಿ ನಿಲ್ಲಿಸಿತು. ಆಗಿನ ಆತಂಕ ಮುಖ್ಯವಾಗಿ ಕಿವಿಯ ಸೋಂಕು, ಕಿವುಡುತನದ್ದು. ಮೂಳೆಯ ಕಥೆ ಆಮೇಲೆ ಗಟ್ಟಿಯಾಯಿತು. ಫಿಫೆಯೂ ಬಾಗಿಲು ತೆರೆಯಲಿಲ್ಲ. ಆದರೆ ಸಿಎಫ್‌ಎ 1978ರಲ್ಲಿ ಚಾಂಪಿಯನ್ ದರ್ಜೆ ಕೊಟ್ಟಿತು. ಅದರ ಮಾನದಂಡದಲ್ಲಿ ಒಂದು ಸಾಲಿದೆ: ದಪ್ಪ ಮೂಳೆಗಳಿಂದ ಬಾಲ ಬಾಗದಿದ್ದರೆ ಬೆಕ್ಕು ಅನರ್ಹ. ಹಾಗಾಗಿ ತೀರ್ಪುಗಾರರು ಬಾಲವನ್ನು ಮೆಲ್ಲಗೆ ಬಾಗಿಸಿ ನೋಡುತ್ತಾರೆ. ರೋಗ ಗೊತ್ತಿದೆ, ಪರೀಕ್ಷೆಯೂ ಇದೆ, ತಳಿ ಮಾತ್ರ ಬಿಡಲಾಗದು! ಎಳೆ ವಯಸ್ಸಿನಲ್ಲಿ ಬಾಲ ಬಾಗಿದ ಬೆಕ್ಕು ಮುಂದೆ ಕುಂಟುವುದಿಲ್ಲ ಎಂದು ಯಾವ ರಿಬ್ಬನ್ನೂ ಭರವಸೆ ಕೊಡದು.

ಹಾಗೆಂದು ಬ್ರಿಟಿಷರಿಗೆ ಸನ್ಮಾನ ಪತ್ರ ಬರೆಯಲು ನಾನು ಕೂತಿಲ್ಲ. ಚಪ್ಪಟೆ ಮುಖದ ಪರ್ಷಿಯನ್‌ಗೆ ಅಲ್ಲೂ ಬಹುಮಾನ ಉಂಟು. ಆದರೆ ಮೂಗಿನ ಮೇಲಂಚು ಕೆಳರೆಪ್ಪೆಯ ಅಂಚಿಗಿಂತ ಮೇಲಿರಬಾರದೆಂದು ಜಿಸಿಸಿಎಫ್ ಗೆರೆ ಎಳೆದಿದೆ. ಸಿಎಫ್‌ಎ ಮಾನದಂಡವೋ, ಮೂಗಿನ ತಗ್ಗು ಎರಡು ಕಣ್ಣುಗಳ ನಡುವೆಯೇ ಇರಬೇಕೆನ್ನುತ್ತದೆ. ಕೂದಲೆಳೆಯ ವ್ಯತ್ಯಾಸ, ಉಸಿರಾಡುವ ಬೆಕ್ಕಿಗೆ ಅದು ದೊಡ್ಡದು.

ಬೆಂಗಳೂರಿನಲ್ಲಿ ಫೋಲ್ಡ್ ಮರಿ ಕೊಳ್ಳಲು ಹೊರಟ ಓದುಗರಿಗೆ ಮಾರುವವರು 'ಪೇಪರ್ಸ್ ಇದೆ ಸಾರ್' ಎನ್ನಬಹುದು. ಆ ಕಾಗದ ವಂಶವನ್ನು ಹೇಳುತ್ತದೆ, ಕೀಲುಗಳ ಗತಿಯನ್ನಲ್ಲ. ಅದೇ ಸೂಲಿನಲ್ಲಿ ಕಿವಿ ಮಡಚದೆ ನೆಟ್ಟಗೇ ಉಳಿದ ಮರಿ ತಂದರೆ ಅದಕ್ಕೆ ಈ ರೋಗವಿಲ್ಲ, ನಿಜ; ದುಡ್ಡು ಮಾತ್ರ ಅದೇ ವ್ಯಾಪಾರಕ್ಕೆ ಹೋಗುತ್ತದೆ. ದುಂಡು ಮುಖವೇ ಬೇಕೆಂದಿದ್ದರೆ ಬ್ರಿಟಿಷ್ ಶಾರ್ಟ್‌ಹೇರ್ ಇದೆ. ನಾಲ್ಕೂ ಸಂಸ್ಥೆಗಳು ಒಪ್ಪಿದ ಬೆಕ್ಕು ಅದು.